ಏನೂ ಹಾಕದ ಗುಳಿ

ಅಳಗುಳಿ ಮಣೆ ನೋಡಿದವರಿಗೆ ನಮ್ಮ ಲ್ಯಾಬಿನ ಪ್ಲೇಟ್ ಹೇಗಿರುತ್ತದೆ ಎಂದು ಬೇರೆ ಹೇಳಬೇಕಾಗಿಲ್ಲ. ಅಂಗೈಯಷ್ಟಗಲದ ಪ್ಲಾಸ್ಟಿಕ್ ಹಲಗೆ. ಅದರಲ್ಲಿ 96 ಪುಟ್ಟ ಗುಳಿ. ಹಸುವಿನ ರಕ್ತದಿಂದ ಬೇರ್ಪಡಿಸಿದ ಬಿಳಿ ರಕ್ತಕಣಗಳನ್ನು ಒಂದೊಂದು ಗುಳಿಗೆ ಎರಡು ಲಕ್ಷದಂತೆ ಹಾಕುತ್ತೇವೆ. ಕೆಲವು ಗುಳಿಗೆ ಕಣಗಳನ್ನು ಎಬ್ಬಿಸುವ ವಸ್ತು ಬೀಳುತ್ತದೆ. ಕೆಲವಕ್ಕೆ ಏನೂ ಬೀಳುವುದಿಲ್ಲ. ಮೂರು ದಿನ ಬೆಚ್ಚಗಿಟ್ಟು, ಯಾವ ಗುಳಿಯಲ್ಲಿ ಎಷ್ಟು ಎಚ್ಚರವಾಗಿದೆ ಎಂದು ನೋಡುತ್ತೇವೆ.

ನಾನು ಪಶುವೈದ್ಯ. ಕೆಲವು ವರ್ಷ ದನದ ಆಸ್ಪತ್ರೆಯಲ್ಲಿ ಕೆಲಸ ಮಾಡಿ, ಆಮೇಲೆ ಓದು ಮುಂದುವರಿಸಲು ಬೆಂಗಳೂರಿಗೆ ಬಂದೆ. ಒಂದೇ ಕೊಟ್ಟಿಗೆ, ಒಂದೇ ಮೇವು, ಒಂದೇ ಲಸಿಕೆ. ಆದರೂ ಒಂದು ಹಸು ಕೆಚ್ಚಲು ಬಾವಿನಿಂದ ನಾಲ್ಕೇ ದಿನದಲ್ಲಿ ಚೇತರಿಸಿಕೊಳ್ಳುತ್ತದೆ, ಪಕ್ಕದ್ದು ಒಂದು ತೊಟ್ಟನ್ನೇ ಕಳೆದುಕೊಳ್ಳುತ್ತದೆ. ಯಾಕೆ? ಈ ಪ್ರಶ್ನೆ ನನ್ನನ್ನು ತುಂಬ ಕಾಡಿತ್ತು. ಹಸುವಿನ ರಕ್ತದಲ್ಲಿರುವ ಕಾವಲು ಕಣಗಳು ಹೇಗೆ ಎಚ್ಚರವಾಗುತ್ತವೆ, ಎಚ್ಚರವಾದ ಮೇಲೆ ಏನು ಮಾಡುತ್ತವೆ ಎಂದು ನನ್ನ ಕಣ್ಣಾರೆ ನೋಡಬೇಕಿತ್ತು.

ಮೊದಲ ಪ್ಲೇಟಿನ ಮೂರನೇ ದಿನ ಇವತ್ತಿಗೂ ನೆನಪಿದೆ. ಎಬ್ಬಿಸುವ ವಸ್ತು ಹಾಕಿದ ಗುಳಿಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದೆ. ಕಣಗಳು ದ್ರಾಕ್ಷಿ ಗೊಂಚಲಿನ ಹಾಗೆ ಗುಂಪು ಕಟ್ಟಿಕೊಂಡಿದ್ದವು. ತುಂಬ ಖುಷಿಯಾಯಿತು. ಪಕ್ಕದ ಗುಳಿಗೆ ಜರುಗಿಸಿದೆ. ಅದು ಏನೂ ಹಾಕದ ಗುಳಿ. ಅಲ್ಲೂ ಕಣಗಳು ತಳಕ್ಕೆ ಅಂಟಿಕೊಂಡು, ಹರಡಿಕೊಂಡು, ಅಲ್ಲಲ್ಲಿ ಗುಂಪಾಗಿದ್ದವು. ಯಾರೂ ಕರೆಯದೆಯೇ ಎದ್ದು ಕೂತಿದ್ದವು.

ನಮ್ಮ ಲೆಕ್ಕ ಹೀಗೆ: ಎಬ್ಬಿಸಿದ ಗುಳಿಯ ಅಳತೆಯನ್ನು ಏನೂ ಹಾಕದ ಗುಳಿಯ ಅಳತೆಯಿಂದ ಭಾಗಿಸಬೇಕು. ಎರಡೂ ಕಡೆ ಒಂದೇ ಸಮ ಎಚ್ಚರವಿದ್ದರೆ ಉತ್ತರ ಒಂದು. ಅಂದರೆ ಪ್ರಯೋಗದಿಂದ ನಮಗೆ ಏನೂ ತಿಳಿದಿಲ್ಲ ಎಂದರ್ಥ. ಆಮೇಲಿನ ಏಳೆಂಟು ತಿಂಗಳು ಹೋದದ್ದು ಕಣಗಳನ್ನು ಎಬ್ಬಿಸುವುದು ಹೇಗೆ ಎಂದು ಕಲಿಯುವುದಕ್ಕಲ್ಲ. ಅವನ್ನು ಸುಮ್ಮನೆ ಮಲಗಿರಲು ಬಿಡುವುದು ಹೇಗೆ ಎಂದು ಕಲಿಯುವುದಕ್ಕೆ.

ಮೊದಲ ಪಾಠ ನೀರಿನದು. ಕಣ ತೊಳೆಯುವ ಉಪ್ಪಿನ ದ್ರಾವಣವನ್ನು ನಾನೇ ತಯಾರಿಸುತ್ತಿದ್ದೆ. ಆಟೋಕ್ಲೇವ್ ಎಂಬ ಹಬೆ ಪಾತ್ರೆಯಲ್ಲಿ 121 ಡಿಗ್ರಿಗೆ ಬೇಯಿಸಿಯೇ ಬಳಸುತ್ತಿದ್ದೆ. ಒಂದು ಬ್ಯಾಕ್ಟೀರಿಯಾ ಕೂಡ ಬದುಕಿರಲು ಸಾಧ್ಯವಿಲ್ಲ. ಆದರೆ ಸತ್ತ ಬ್ಯಾಕ್ಟೀರಿಯಾದ ಗೋಡೆಯ ಚೂರುಗಳು ಹಾಗೇ ಉಳಿದಿರುತ್ತವೆ. ಎಂಡೋಟಾಕ್ಸಿನ್ ಅನ್ನುವುದು ಇದನ್ನೇ. ಆಟೋಕ್ಲೇವಿನ ಶಾಖ ಅದಕ್ಕೆ ಸಾಲದು. ಗಾಜಿನ ಸಾಮಾನನ್ನು 250 ಡಿಗ್ರಿ ಒಣ ಶಾಖದಲ್ಲಿ ಅರ್ಧ ಗಂಟೆ ಇಟ್ಟರೆ ಮಾತ್ರ ಹೋಗುತ್ತದೆ. ಹಸುವಿನ ಮಾನೋಸೈಟ್ ಎಂಬ ಬಿಳಿ ಕಣಕ್ಕೆ ಈ ಚೂರಿನ ವಾಸನೆ ಹಿಡಿಯುವ ಶಕ್ತಿ ಅದ್ಭುತವಾಗಿದೆ. ಅದರ ಮೈಮೇಲೆ ಸಿಡಿ14 ಎಂಬ ಕೊಂಡಿ ಇದೆ. ಪಕ್ಕದಲ್ಲೇ ಟಿಎಲ್‌ಆರ್4 ಎಂಬ ಇನ್ನೊಂದು. ಚೂರು ಇವಕ್ಕೆ ತಗುಲಿದರೆ ಕಣದೊಳಗೆ ಎನ್‌ಎಫ್-ಕಪ್ಪಾಬಿ ಎಂಬ ಪ್ರೋಟೀನ್ ಬಂಧನ ಕಳಚಿಕೊಂಡು ಕೋಶಕೇಂದ್ರಕ್ಕೆ ಓಡುತ್ತದೆ. ಅಲ್ಲಿ ಉರಿಯೂತದ ಜೀನ್‌ಗಳನ್ನು ತೆರೆಯುತ್ತದೆ. ಆಮೇಲೆ ಕಣ ಟಿಎನ್‌ಎಫ್, ಐಎಲ್-1, ಐಎಲ್-6 ಎಂಬ ಸುದ್ದಿಗಳನ್ನು ಸುತ್ತಲೂ ಹರಡಲು ಶುರು ಮಾಡುತ್ತದೆ.

ನೀರೇ ಕಾರಣ ಎಂದು ಖಚಿತವಾಗಿದ್ದು ಪಾಲಿಮಿಕ್ಸಿನ್-ಬಿ ಹಾಕಿ ನೋಡಿದಾಗ. ಅದು ಎಂಡೋಟಾಕ್ಸಿನ್ನನ್ನು ಅಪ್ಪಿ ಹಿಡಿದು ಕಣಕ್ಕೆ ತಾಗದಂತೆ ಮಾಡುತ್ತದೆ. ಒಂದು ಸಾಲು ಗುಳಿಗೆ ಅದನ್ನು ಹಾಕಿದೆ, ಪಕ್ಕದ ಸಾಲಿಗೆ ಹಾಕಲಿಲ್ಲ. ಹಾಕಿದ ಸಾಲು ತಣ್ಣಗಾಯಿತು. ಅಂದೇ ನಾನು ಮಾಡಿದ ದ್ರಾವಣ ಚೆಲ್ಲಿ, ಎಂಡೋಟಾಕ್ಸಿನ್ ಇಲ್ಲವೆಂದು ಪರೀಕ್ಷೆಯಾದದ್ದನ್ನು ತರಿಸಿದೆ. ಬೆಲೆ ಜಾಸ್ತಿ, ನಿಜ. ಆದರೆ ಈ ಕೆಲಸ ಶುರು ಮಾಡುವವರಿಗೆ ನಾನು ಹೇಳುವ ಮೊದಲ ಮಾತೇ ಅದು. ಬೇರೆಲ್ಲಾದರೂ ಉಳಿಸಿ, ತೊಳೆಯುವ ನೀರಿನಲ್ಲಿ ಉಳಿಸಬೇಡಿ.

ನೀರು ಸರಿಹೋದ ಮೇಲೂ ಕೆಲವು ಹಸುಗಳ ಲೆಕ್ಕ ಕೂಡುತ್ತಿರಲಿಲ್ಲ. ಈಗ ತೊಂದರೆ ಉಲ್ಟಾ. ಏನೂ ಹಾಕದ ಗುಳಿ ಮಲಗಿತ್ತು, ಎಬ್ಬಿಸಬೇಕಾದ ಗುಳಿಯೂ ಮಲಗಿತ್ತು. ರಕ್ತದ ಲೇಪನ ಮಾಡಿ ಎಣಿಸಿದೆ. ಆರೋಗ್ಯವಾಗಿರುವ ದೊಡ್ಡ ಹಸುವಿನ ಒಂದು ಮೈಕ್ರೋಲೀಟರ್ ರಕ್ತದಲ್ಲಿ ಸುಮಾರು 4,000ದಿಂದ 12,000 ಬಿಳಿ ಕಣ ಇರುತ್ತವೆ. ಅವುಗಳಲ್ಲಿ ಹಲವು ಬಗೆ. ನಮ್ಮಲ್ಲಿ, ಅಂದರೆ ಮನುಷ್ಯರಲ್ಲಿ, ರೋಗಾಣು ನುಂಗುವ ನ್ಯೂಟ್ರೋಫಿಲ್ ಜಾಸ್ತಿ. ದನಗಳಲ್ಲಿ ರೋಗಾಣುವಿನ ಗುರುತು ಹಿಡಿಯುವ ಲಿಂಫೋಸೈಟ್ ಜಾಸ್ತಿ, ಹೆಚ್ಚುಕಡಿಮೆ ಎರಡಕ್ಕೆ ಒಂದರಂತೆ. ಈ ಹಸುಗಳಲ್ಲಿ ಅದು ತಿರುವುಮುರುವಾಗಿತ್ತು.

ಆ ಹಸುಗಳೆಲ್ಲ ಟೆಂಪೋದಲ್ಲಿ ಬಂದವು. ಅದೇ ಕಾರಣ. ಹತ್ತಿಸುವಾಗ ಎಳೆದಾಟ, ದಾರಿಯುದ್ದಕ್ಕೂ ಕುಲುಕಾಟ, ಇಳಿದ ಕೂಡಲೇ ದನ ಅಲುಗಾಡದಂತೆ ನಿಲ್ಲಿಸುವ ಟ್ರೆವಿಸ್ ಚೌಕಟ್ಟಿಗೆ ಕಟ್ಟಿ ಕತ್ತು ಎತ್ತಿಸಿ ಸೂಜಿ. ಹೆದರಿದ ಹಸುವಿನ ರಕ್ತದಲ್ಲಿ ಕಾರ್ಟಿಸೋಲ್ ಎಂಬ ಒತ್ತಡದ ಹಾರ್ಮೋನ್ ಏರುತ್ತದೆ. ರಕ್ತನಾಳದ ಗೋಡೆಗೆ ತಾಗಿಕೊಂಡು ಉರುಳುವ ನ್ಯೂಟ್ರೋಫಿಲ್‌ಗಳು ತಮ್ಮ ಎಲ್-ಸೆಲೆಕ್ಟಿನ್ ಕೊಂಡಿಯನ್ನು ಕಳಚಿ ಹರಿವಿಗೆ ಬಿದ್ದುಬಿಡುತ್ತವೆ. ಎಣಿಕೆಯಲ್ಲಿ ಅವು ಜಾಸ್ತಿ ಕಾಣುತ್ತವೆ, ಆದರೆ ಸೋಂಕಿರುವ ಜಾಗಕ್ಕೆ ಇಳಿಯುವುದಿಲ್ಲ. ಲಿಂಫೋಸೈಟ್‌ಗಳು ರಕ್ತದಿಂದ ಮರೆಯಾಗುತ್ತವೆ, ಉಳಿದವೂ ಮಂಕಾಗಿರುತ್ತವೆ. ನಾನು ಅಳೆಯುತ್ತಿದ್ದದ್ದು ಹಸುವಿನ ರೋಗನಿರೋಧಕ ಶಕ್ತಿಯನ್ನಲ್ಲ, ಅದರ ಭಯವನ್ನು.

ಅಲ್ಲಿಂದ ಹಸುವನ್ನು ಕರೆತರುವುದು ನಿಲ್ಲಿಸಿದೆ. ದೊಡ್ಡಬಳ್ಳಾಪುರದ ಕಡೆಯ ಹಳ್ಳಿಗಳಿಗೆ ನಾನೇ ಹೋಗತೊಡಗಿದೆ. ಬೆಳಗಿನ ಹಾಲು ಕರೆದು, ಡೈರಿಗೆ ಹೊರಡುವ ಮುಂಚಿನ ಹೊತ್ತು. ಅದರದೇ ಕೊಟ್ಟಿಗೆ, ಮುಂದೆ ಬೂಸಾ ಇಟ್ಟ ಬಕೆಟ್, ಮೂಗುದಾರ ಹಿಡಿಯಲು ದಿನಾ ಹಾಲು ಕರೆಯುವವರ ಕೈ. ಕತ್ತಿನ ನಾಳದಿಂದ 10 ಮಿಲಿ. ಒಂದು ನಿಮಿಷಕ್ಕಿಂತ ಜಾಸ್ತಿ ಹಿಡಿಯಬಾರದು. ಮೊದಲ ಸಲ ಸೂಜಿ ಸಿಗದಿದ್ದರೆ ಅಂದು ಆ ಹಸುವನ್ನು ಬಿಟ್ಟುಬಿಡುತ್ತಿದ್ದೆ. ಸಂಸ್ಥೆಯ ಪ್ರಾಣಿ ನೀತಿ ಸಮಿತಿಯ ಅನುಮತಿ ಪತ್ರ ಜೇಬಿನಲ್ಲಿತ್ತು. ಆದರೂ ಮನೆಯವರನ್ನು ಒಪ್ಪಿಸುವುದೇ ಮುಖ್ಯ.

"ಅಷ್ಟೊಂದ್ ರಕ್ತ ತಗೊಂಡ್ರೆ ಹಾಲ್ ಕಮ್ಮಿ ಆಗಲ್ವಾ ಸ್ವಾಮಿ?" ಎಂದು ಕೇಳದ ಮನೆಯೇ ಇಲ್ಲ. 400 ಕಿಲೋ ತೂಗುವ ಹಸುವಿನ ಮೈಯಲ್ಲಿ 20 ಲೀಟರಿಗೂ ಜಾಸ್ತಿ ರಕ್ತ ಇರುತ್ತದೆ ಎಂದು ಟ್ಯೂಬ್ ತೋರಿಸಿ ಹೇಳುತ್ತಿದ್ದೆ. ನಾನೂ ಒಂದು ಪ್ರಶ್ನೆ ತಪ್ಪದೆ ಕೇಳುತ್ತಿದ್ದೆ. "ಹದಿನೈದು ದಿನದಲ್ಲಿ ಏನಾದ್ರೂ ಇಂಜೆಕ್ಷನ್ ಕೊಡಿಸಿದ್ರಾ ಅಮ್ಮಾ?" ಕುಂಟಿಗೋ ಬಾವಿಗೋ ಸ್ಟೀರಾಯ್ಡ್ ಬಿದ್ದಿದ್ದರೆ ಆ ಹಸುವಿನ ಟಿ ಕಣಗಳು (ಲಿಂಫೋಸೈಟ್‌ಗಳಲ್ಲೇ ಒಂದು ಬಗೆ) ಎಷ್ಟು ಕೂಗಿದರೂ ಓಗೊಡುವುದಿಲ್ಲ. ಡೆಕ್ಸಾಮೆಥಾಸೋನ್ ಎಂಬ ಸ್ಟೀರಾಯ್ಡನ್ನು ಗುಳಿಗೇ ಹಾಕಿ ನೋಡಿದ್ದೇನೆ. ಗೊಂಚಲು ಕಟ್ಟುವುದು ಅಲ್ಲಿಗೇ ನಿಂತುಹೋಗುತ್ತದೆ.

ರಕ್ತವನ್ನು ಐಸ್ ಮೇಲೆ ತರುತ್ತಿರಲಿಲ್ಲ. ಬಹಳ ಜನ ತಂಪಾಗಿಟ್ಟರೆ ಒಳ್ಳೆಯದು ಎಂದುಕೊಳ್ಳುತ್ತಾರೆ. ಕಣ ಬೇರ್ಪಡಿಸುವ ಕೆಲಸಕ್ಕೆ ಅದು ಒಳ್ಳೆಯದಲ್ಲ. ಬಿಸಿಲು ತಾಗದಂತೆ, ಕೋಣೆಯ ಬಿಸಿಯಲ್ಲೇ ತಂದು, ಅದೇ ದಿನ ಮಧ್ಯಾಹ್ನದೊಳಗೆ ಕೆಲಸ ಮುಗಿಸಬೇಕು. ತಡವಾದರೆ ನ್ಯೂಟ್ರೋಫಿಲ್‌ಗಳು ಹಗುರಾಗಿ, ಮೇಲೆ ತೇಲುವ ಲಿಂಫೋಸೈಟ್ ಪದರಕ್ಕೆ ಬಂದು ಸೇರಿಕೊಳ್ಳುತ್ತವೆ.

ಬೇರ್ಪಡಿಸುವ ಕ್ರಮ ಸರಳವೇ. 1.077 ಸಾಂದ್ರತೆಯ ದ್ರವದ ಮೇಲೆ, ತೆಳುವಾಗಿಸಿದ ರಕ್ತವನ್ನು ಟ್ಯೂಬಿನ ಗೋಡೆಗುಂಟ ನಿಧಾನವಾಗಿ ಹರಿಸಿ, ಸೆಂಟ್ರಿಫ್ಯೂಜಿನಲ್ಲಿ ಅರ್ಧ ಗಂಟೆ ತಿರುಗಿಸಬೇಕು. ಬ್ರೇಕ್ ಹಾಕಬಾರದು, ತಾನಾಗಿ ನಿಲ್ಲಬೇಕು. ಕೆಂಪು ಕಣಗಳು ತಳಕ್ಕೆ ಹೋಗುತ್ತವೆ. ನಡುವೆ ಮಜ್ಜಿಗೆಯ ಕೆನೆಯಂಥ ತೆಳು ಬಿಳಿ ಉಂಗುರ ನಿಲ್ಲುತ್ತದೆ. ಅದರಲ್ಲಿ ಲಿಂಫೋಸೈಟ್ ಮತ್ತು ಮಾನೋಸೈಟ್ ಇರುತ್ತವೆ. ಹಸುವಿನ ರಕ್ತದಲ್ಲಿ ಒಂದು ತೊಡಕಿದೆ. ಅದರ ಕೆಂಪು ಕಣ ನಮ್ಮದಕ್ಕಿಂತ ಚಿಕ್ಕದು, ಐದೂವರೆ ಮೈಕ್ರಾನ್ ಆಸುಪಾಸು. ಮನುಷ್ಯರ ಅಥವಾ ಕುದುರೆಯ ಕೆಂಪು ಕಣಗಳ ಹಾಗೆ ನಾಣ್ಯ ಪೇರಿಸಿದಂತೆ ಒಂದರ ಮೇಲೊಂದು ಅಂಟಿಕೊಂಡು ಬೇಗ ಇಳಿಯುವುದೂ ಇಲ್ಲ. ಹಾಗಾಗಿ ಉಂಗುರದಲ್ಲಿ ಅವು ಉಳಿದೇ ಉಳಿಯುತ್ತವೆ. ಅಮೋನಿಯಂ ಕ್ಲೋರೈಡ್ ದ್ರಾವಣದಲ್ಲಿ ಒಡೆದು ತೊಳೆಯಬೇಕು. ಮನುಷ್ಯರ ರಕ್ತಕ್ಕೆ ಬರೆದ ವಿಧಾನವನ್ನೇ ಹಿಡಿದು ಹೊರಟರೆ ಇಂಥ ಕಡೆ ಎಡವುತ್ತೇವೆ.

ಸತ್ತ ಕಣಕ್ಕೆ ಮಾತ್ರ ಹತ್ತುವ ಟ್ರೈಪಾನ್ ನೀಲಿ ಬಣ್ಣ ಹಾಕಿ ಎಣಿಸಿದಾಗ 100ಕ್ಕೆ 95 ಕಣವಾದರೂ ಬದುಕಿರಬೇಕು. ಅದಕ್ಕಿಂತ ಕಡಿಮೆಯಾದರೆ ನಾನು ಮುಂದುವರಿಯುವುದಿಲ್ಲ. ಸತ್ತ ಕಣಗಳೂ ಬದುಕಿರುವವನ್ನು ಕೆರಳಿಸುತ್ತವೆ.

ಇನ್ನು ಎಬ್ಬಿಸುವ ಮಾತು. ನಾನು ಹೆಚ್ಚಾಗಿ ಬಳಸಿದ್ದು ಕಾನ್-ಎ. ಜ್ಯಾಕ್ ಬೀನ್ ಎಂಬ ದೊಡ್ಡ ಕಾಳಿನಿಂದ ತೆಗೆದ ಪ್ರೋಟೀನ್ ಅದು. ಇನ್ನೊಂದು ಪಿಎಚ್‌ಎ. ಅದು ನಾವು ಪಲ್ಯ ಮಾಡುವ ರಾಜ್ಮಾ ಜಾತಿಯ ಕಾಳಿನದು. ಕೆಂಪು ಕಣಗಳನ್ನು ಗಂಟು ಕಟ್ಟಿಸಿ ಬೇರ್ಪಡಿಸಲು ಲ್ಯಾಬುಗಳಲ್ಲಿ ಪಿಎಚ್‌ಎ ಬಳಸುತ್ತಿದ್ದರು. ಅದು ಬಿದ್ದ ಕಡೆ ಬಿಳಿ ಕಣಗಳು ವಿಭಜನೆ ಆಗುತ್ತಿವೆ ಎಂದು 1960ರಲ್ಲಿ ಅಮೆರಿಕದ ಪೀಟರ್ ನೋವೆಲ್ ತೋರಿಸಿಕೊಟ್ಟರು. ಅಲ್ಲಿಯವರೆಗೆ ಲಿಂಫೋಸೈಟನ್ನು ಇನ್ನು ಬೆಳೆಯಲಾರದ, ಕೊನೆಗಾಲದ ಕಣ ಎಂದೇ ಬಹಳ ಜನ ನಂಬಿದ್ದರು. ಮಲಗಿದ್ದದ್ದನ್ನು ಮುದಿಯಾಗಿದೆ ಎಂದುಕೊಂಡಿದ್ದರು.

ಟಿ ಕಣದ ಮೇಲಿನ ಗ್ರಾಹಕಗಳು, ಅಂದರೆ ಹೊರಗಿನ ಸನ್ನೆ ಹಿಡಿಯುವ ಕೊಂಡಿಗಳು, ಸಕ್ಕರೆ ಹೊದ್ದುಕೊಂಡಿರುತ್ತವೆ. ಕಾನ್-ಎ ಆ ಸಕ್ಕರೆಯನ್ನು ಹಿಡಿದು ಗ್ರಾಹಕಗಳನ್ನು ಒಟ್ಟಿಗೆ ಎಳೆಯುತ್ತದೆ. ಆಗ ಮೊದಲು ಅಲ್ಲಾಡುವುದು ಕ್ಯಾಲ್ಸಿಯಂ. ಕಣದೊಳಗಿನ ಉಗ್ರಾಣದಿಂದ ಅದು ಹೊರಬೀಳುತ್ತದೆ. ಉಗ್ರಾಣ ಬರಿದಾದ ಸುದ್ದಿ ಹೊರಪೊರೆಗೆ ಮುಟ್ಟಿ, ಅಲ್ಲಿನ ಬಾಗಿಲು ತೆರೆದು, ಹೊರಗಿನ ಕ್ಯಾಲ್ಸಿಯಂ ಒಳನುಗ್ಗುತ್ತದೆ. ಇದೆಲ್ಲ ಒಂದೆರಡು ನಿಮಿಷದೊಳಗೆ. ಹೊಳೆಯುವ ಬಣ್ಣ ಕುಡಿಸಿದ ಕಣಗಳಲ್ಲಿ ಇದನ್ನು ನೋಡಿದ ದಿನ ನಾನು ಊಟಕ್ಕೂ ಎದ್ದಿರಲಿಲ್ಲ. ಕತ್ತಲಲ್ಲಿ ಒಂದೊಂದೇ ಕಣ ಮಿನುಗಿ ಹತ್ತಿಕೊಳ್ಳುತ್ತಿತ್ತು.

ಕ್ಯಾಲ್ಸಿಯಂ ಏರಿದ ಮೇಲೆ ಕ್ಯಾಲ್ಸಿನ್ಯೂರಿನ್ ಎಂಬ ಕಿಣ್ವ ಎಚ್ಚರವಾಗುತ್ತದೆ. ಅದು ಎನ್‌ಫ್ಯಾಟ್ ಎಂಬ ಪ್ರೋಟೀನಿಗೆ ಕೋಶಕೇಂದ್ರದ ದಾರಿ ಬಿಡಿಸಿಕೊಡುತ್ತದೆ. ಕೆಲವು ಗಂಟೆಯೊಳಗೆ ಐಎಲ್-2 ತಯಾರಾಗುತ್ತದೆ. ಐಎಲ್-2 ಅಂದರೆ ಟಿ ಕಣ ತನಗೂ ನೆರೆಯ ಕಣಗಳಿಗೂ ಹೇಳುವ 'ಬೆಳೀರಿ' ಎಂಬ ಮಾತು. ಆ ಮಾತು ಚೆನ್ನಾಗಿ ಕೇಳಿಸಲು ಬೇಕಾದ ಕಿವಿ ಸಿಡಿ25. ಒಂದು ದಿನ ಆಗುವಷ್ಟರಲ್ಲಿ ಅದು ಕಣದ ಮೈಮೇಲೆ ತುಂಬಿಕೊಳ್ಳುತ್ತದೆ. ಅಷ್ಟೊತ್ತಿಗೆ ಕಣ ಊದಿಕೊಂಡಿರುತ್ತದೆ. ಏಳು ಮೈಕ್ರಾನಿನಷ್ಟಿದ್ದದ್ದು ಹತ್ತು ಹನ್ನೆರಡು ಮೈಕ್ರಾನ್ ಆಗುತ್ತದೆ. ಮೊದಲ ವಿಭಜನೆಗೆ ಒಂದೂವರೆ ದಿನದ ಹತ್ತಿರ ಬೇಕು. ಆಮೇಲೆ ವೇಗ ಹೆಚ್ಚುತ್ತದೆ. ಅಷ್ಟು ತಡ ಯಾಕೆ ಎಂದು ಮೊದಲು ಅನ್ನಿಸುತ್ತಿತ್ತು. ಮಲಗಿರುವ ಟಿ ಕಣದಲ್ಲಿ ಕೋಶಕೇಂದ್ರವೇ ಮುಕ್ಕಾಲು ಭಾಗ. ಸುತ್ತ ತೆಳ್ಳನೆಯ ಅಂಚು ಅಷ್ಟೇ. ಎರಡಾಗುವ ಮೊದಲು ಅದು ಪ್ರೋಟೀನ್ ಮಾಡುವ ಇಡೀ ಕಾರ್ಖಾನೆಯನ್ನು ಕಟ್ಟಿಕೊಳ್ಳಬೇಕು.

ಇದನ್ನು ಬರಿಗಣ್ಣಲ್ಲೂ ನೋಡಬಹುದು. ಕಣಗಳಿಗೆ ಹಾಕುವ ಪೋಷಕ ದ್ರವದಲ್ಲಿ ಗುಲಾಬಿ ಬಣ್ಣದ ಸೂಚಕ ಇರುತ್ತದೆ. ಎಚ್ಚರವಾದ ಕಣಗಳು ಗ್ಲೂಕೋಸನ್ನು ಗಬಗಬ ತಿಂದು ಲ್ಯಾಕ್ಟಿಕ್ ಆಮ್ಲ ಬಿಡುತ್ತವೆ. ಗುಲಾಬಿ ಕಿತ್ತಳೆಯಾಗಿ, ಮೂರನೇ ದಿನಕ್ಕೆ ಹಳದಿಯಾಗುತ್ತದೆ. ನನಗೆ ಯಂತ್ರದ ಅಂಕಿಗಿಂತ ಮುಂಚೆ ಉತ್ತರ ಹೇಳುವುದು ಆ ಹಳದಿ.

ಹಾಲು ಉತ್ಪಾದಕರಿಗೆ ಈ ಹಳದಿ ಬಹಳ ಮುಖ್ಯ ಅನ್ನುವುದು ನನ್ನ ನಂಬಿಕೆ. ಹಸು ಹಾಲಿನ ಸಕ್ಕರೆ ಮಾಡುವುದೂ ಗ್ಲೂಕೋಸಿನಿಂದಲೇ. ಕರೆಯುವ ಹೋಲ್‌ಸ್ಟೀನ್ ಹಸುಗಳಿಗೆ ಎಂಡೋಟಾಕ್ಸಿನ್ ಕೊಟ್ಟು ಅಮೆರಿಕದ ಸಂಶೋಧಕರು ಲೆಕ್ಕ ಹಾಕಿ 2017ರಲ್ಲಿ ಪ್ರಕಟಿಸಿದರು. ಕಾವಲು ಕಣಗಳು ಜೋರಾಗಿ ಎಚ್ಚೆತ್ತಾಗ 12 ಗಂಟೆಯಲ್ಲಿ 1 ಕಿಲೋಗಿಂತ ಜಾಸ್ತಿ ಗ್ಲೂಕೋಸ್ ಬೇಕಾಗುತ್ತದೆ. ಕಾಲುಬಾಯಿ ರೋಗದ ಲಸಿಕೆ ಹಾಕಿಸಿದ ಮೇಲೆ ಎರಡು ದಿನ ಹಾಲು ಇಳಿಯಿತು ಎಂದು ಬೇಸರ ಮಾಡಿಕೊಳ್ಳುವವರನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಲಸಿಕೆಯಲ್ಲಿ ಆಗುವುದು ಇದಕ್ಕಿಂತ ತುಂಬ ಸಣ್ಣ ಎಚ್ಚರ. ಆದರೆ ದಾರಿ ಇದೇ. ಟಿಎನ್‌ಎಫ್ ಮತ್ತು ಐಎಲ್-1 ಮಿದುಳಿಗೆ ಮುಟ್ಟಿ ಸ್ವಲ್ಪ ಜ್ವರ ಬರುತ್ತದೆ, ಮೇವು ತಿನ್ನುವುದು ಕಡಿಮೆಯಾಗುತ್ತದೆ. ಆ ಎರಡು ದಿನ ನೆರಳು, ನೀರು, ಒಳ್ಳೆಯ ಮೇವು ಕೊಡಿ. ಲಸಿಕೆ ತಪ್ಪಿಸಬೇಡಿ.

ಒಂದು ಮಾತು ಇಲ್ಲೇ ಹೇಳಬೇಕು. ಕಾನ್-ಎ ಸಹಜವಾದ ಕರೆಯಲ್ಲ. ಅದು ಊರಿನ ಎಲ್ಲ ಮನೆಯ ಬಾಗಿಲನ್ನೂ ಬಡಿದಂತೆ. ನಿಜವಾದ ಸೋಂಕಿನಲ್ಲಿ ಆ ರೋಗಾಣುವಿನ ಗುರುತು ಹಿಡಿಯಬಲ್ಲ ಬೆರಳೆಣಿಕೆಯ ಟಿ ಕಣಗಳು ಮಾತ್ರ ಏಳುತ್ತವೆ. ಅದಕ್ಕೂ ಎರಡು ಸನ್ನೆ ಬೇಕು. ಇನ್ನೊಂದು ಕಣ ರೋಗಾಣುವಿನ ಚೂರನ್ನು ತನ್ನ ಮೈಮೇಲೆ ಹಿಡಿದು ತೋರಿಸಬೇಕು, ಜೊತೆಗೆ 'ಇದು ಅಪಾಯ' ಎಂಬ ಎರಡನೇ ಗುರುತನ್ನೂ ಕೊಡಬೇಕು. ಎರಡನೆಯದಿಲ್ಲದೆ ಮೊದಲನೆಯದಷ್ಟೇ ಸಿಕ್ಕರೆ ಟಿ ಕಣ ಏಳುವ ಬದಲು ಮಂಕಾಗಿಬಿಡುತ್ತದೆ. ಕಾನ್-ಎ ಗುಳಿ ಚೆನ್ನಾಗಿ ಹಳದಿಯಾದರೆ ಈ ಹಸುವಿಗೆ ರೋಗ ತಡೆಯುವ ಶಕ್ತಿ ಇದೆ ಎಂದು ಬರೆದುಬಿಡುವವರಿದ್ದಾರೆ. ನನಗೆ ಅದು ಒಪ್ಪಿಗೆಯಿಲ್ಲ. ಈ ಕಣಗಳಿಗೆ ಏಳಲು ಬರುತ್ತದೆ, ಅಷ್ಟು ಮಾತ್ರ ಅದು ಹೇಳುವುದು.

ಮತ್ತೆ ಕ್ಯಾಲ್ಸಿಯಂಗೆ ಬರುತ್ತೇನೆ. ಒಂದು ಸಲ ಕಣ ಬೇರ್ಪಡಿಸದೆ ಇಡೀ ರಕ್ತಕ್ಕೇ ಕಾನ್-ಎ ಹಾಕಿ, ಒಂದು ದಿನ ಬಿಟ್ಟು, ಎದ್ದ ಟಿ ಕಣಗಳು ಬಿಡುವ ಗಾಮಾ ಇಂಟರ್‌ಫೆರಾನ್ ಎಂಬ ಪ್ರೋಟೀನ್ ಅಳೆಯಲು ಹೊರಟೆ. ದನದ ಕ್ಷಯಕ್ಕೆ ಆಸ್ಟ್ರೇಲಿಯಾದಲ್ಲಿ ಬೆಳೆಸಿದ ರಕ್ತ ಪರೀಕ್ಷೆಯ ವಿಧಾನವೂ ಇದೇ. ಅಲ್ಲಿ ಕಾನ್-ಎ ಬದಲು ಕ್ಷಯದ ಬ್ಯಾಕ್ಟೀರಿಯಾದಿಂದ ತೆಗೆದ ಟ್ಯೂಬರ್ಕ್ಯುಲಿನ್ ಹಾಕುತ್ತಾರೆ. ನನ್ನ ಪ್ಲೇಟಿನಲ್ಲಿ ಏನೂ ಬರಲಿಲ್ಲ. ಎಲ್ಲ ಹಸುವಿನದೂ ಸೊನ್ನೆ. ಅಂದು ಹಸಿರು ಮುಚ್ಚಳದ ಹೆಪಾರಿನ್ ಟ್ಯೂಬ್ ಮುಗಿದಿತ್ತೆಂದು ನೇರಳೆ ಮುಚ್ಚಳದ ಇಡಿಟಿಎ ಟ್ಯೂಬಿಗೆ ರಕ್ತ ತೆಗೆದಿದ್ದೆ. ಇಡಿಟಿಎ ರಕ್ತ ಹೆಪ್ಪುಗಟ್ಟದಂತೆ ತಡೆಯುವುದೇ ಕ್ಯಾಲ್ಸಿಯಂ ಹಿಡಿದಿಟ್ಟು. ಎಣಿಕೆಗೆ ಅದು ಸರಿ. ಆದರೆ ಕಣದ ಹೊರಗೆ ಕ್ಯಾಲ್ಸಿಯಂ ಇಲ್ಲದಿದ್ದರೆ ಕಣ ಏಳುವುದಾದರೂ ಹೇಗೆ? ಕರೆ ಮುಟ್ಟಿದೆ, ಬಾಗಿಲೂ ತೆರೆದಿದೆ, ಒಳಗೆ ಬರಬೇಕಾದದ್ದು ಮಾತ್ರ ಇಲ್ಲ.

ಆ ಸೊನ್ನೆಗಳ ಮುಂದೆ ಕೂತಾಗ ನನಗೆ ನೆನಪಾದದ್ದು ಹಾಲುಜ್ವರದ ಹಸುಗಳು. ಹೆಸರಿಗೆ ಜ್ವರ, ನಿಜಕ್ಕೂ ಮೈ ತಣ್ಣಗಿರುತ್ತದೆ. ಕರು ಹಾಕಿದ ಒಂದೆರಡು ದಿನದಲ್ಲಿ ಕ್ಯಾಲ್ಸಿಯಂ ಎಲ್ಲ ಗಿಣ್ಣು ಹಾಲಿಗೆ ಹರಿದು, ರಕ್ತದಲ್ಲಿ ಬರಿದಾಗಿ, ಹಸು ಕತ್ತು ತಿರುಗಿಸಿಕೊಂಡು ಬಿದ್ದಿರುತ್ತದೆ. ಬಾಟಲಿ ಏರಿಸಿದರೆ ಕಣ್ಣ ಮುಂದೆಯೇ ಎದ್ದು ನಿಲ್ಲುತ್ತದೆ. ಆಸ್ಪತ್ರೆಯಲ್ಲಿದ್ದಾಗ ಅಲ್ಲಿಗೆ ನನ್ನ ಕೆಲಸ ಮುಗಿಯಿತು ಎಂದುಕೊಳ್ಳುತ್ತಿದ್ದೆ. ಹತ್ತು ದಿನ ಬಿಟ್ಟು ಅದೇ ಮನೆಯಿಂದ ಫೋನ್ ಬರುತ್ತಿತ್ತು, ಕೆಚ್ಚಲು ಬಾವು ಎಂದು. ಇಲ್ಲವೇ ಕಸ, ಅಂದರೆ ಮಾಸು, ಬೀಳದೆ ಗರ್ಭಕೋಶ ಕೆಟ್ಟಿದೆ ಎಂದು. ಅಮೆರಿಕದ ಏಮ್ಸ್ ಎಂಬ ಊರಿನಲ್ಲಿರುವ ರಾಷ್ಟ್ರೀಯ ಪ್ರಾಣಿ ರೋಗ ಕೇಂದ್ರದವರು 2006ರಲ್ಲಿ ಇದರ ಒಳಗುಟ್ಟು ತೋರಿಸಿದ್ದಾರೆ. ಕರು ಹಾಕುವ ಹೊತ್ತಿಗೆ ಹಸುವಿನ ಬಿಳಿ ಕಣಗಳ ಒಳಗಿನ ಕ್ಯಾಲ್ಸಿಯಂ ಉಗ್ರಾಣವೂ ಖಾಲಿಯಾಗುತ್ತಾ ಬರುತ್ತದೆ, ಅದೂ ರಕ್ತದಲ್ಲಿ ಕೊರತೆ ಕಾಣಿಸುವ ಮುಂಚೆಯೇ. ಹಾಲುಜ್ವರ ಬಂದ ಹಸುಗಳಲ್ಲಿ ಎಬ್ಬಿಸಿದಾಗ ಏಳುವ ಕ್ಯಾಲ್ಸಿಯಂ ಅಲೆ ಇನ್ನೂ ಕುಗ್ಗಿರುತ್ತದೆ. ನೇರಳೆ ಮುಚ್ಚಳದ ಟ್ಯೂಬಿನಲ್ಲಿ ನಾನು ಮಾಡಿದ್ದನ್ನು ಹಾಲುಜ್ವರ ಹಸುವಿನ ಮೈಯೊಳಗೇ ಮಾಡುತ್ತಿರುತ್ತದೆ. ಇದು ತಿಳಿದ ಮೇಲೆ ಗಬ್ಬದ ಕೊನೆಯ ತಿಂಗಳಿನ ಹಸುವಿನ ಮೇವು ಮತ್ತು ಖನಿಜದ ಬಗ್ಗೆ ರೈತರೊಡನೆ ಮಾತಾಡುವಾಗ ನಾನು ಹಾಲಿನ ಲೆಕ್ಕವನ್ನಷ್ಟೇ ಹೇಳುವುದಿಲ್ಲ.

ನ್ಯೂಟ್ರೋಫಿಲ್ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಮನುಷ್ಯರ ನ್ಯೂಟ್ರೋಫಿಲ್ ಎಫ್‌ಎಂಎಲ್‌ಪಿ ಎಂಬ ಬ್ಯಾಕ್ಟೀರಿಯಾದ ತುಣುಕಿನ ಕಡೆಗೆ ಓಡುತ್ತದೆ. ಪುಸ್ತಕ ನೋಡಿ ಅದನ್ನೇ ತರಿಸಿದ್ದೆ. ಹಸುವಿನವು ಅದರತ್ತ ಹೋಗಲೇ ಇಲ್ಲ. ದನದ ನ್ಯೂಟ್ರೋಫಿಲ್ ಸ್ವಭಾವವೇ ಹಾಗೆ ಎಂದು ಆಮೇಲೆ ಓದಿ ತಿಳಿದುಕೊಂಡೆ. ಸೀರಂ ಬೆರೆಸಿದ ಜೈಮೊಸಾನ್, ಅಂದರೆ ಯೀಸ್ಟಿನ ಗೋಡೆಯ ಪುಡಿ, ಹಾಕಿದರೆ ಸರಿಯಾಗಿ ನುಂಗುತ್ತವೆ, ಒಳಗೆ ಆಮ್ಲಜನಕದ ಕಿಡಿ ಹೊತ್ತಿಸಿ ಎನ್‌ಬಿಟಿ ಬಣ್ಣವನ್ನು ನೀಲಿ ಮಾಡುತ್ತವೆ.

ಕರುಗಳ ರಕ್ತವಂತೂ ಬೇರೆಯದೇ ಲೋಕ. ಅಲ್ಲಿ ಗಾಮಾ-ಡೆಲ್ಟಾ ಎಂಬ ಜಾತಿಯ ಟಿ ಕಣ ತುಂಬಿಕೊಂಡಿರುತ್ತದೆ. ಎಳೆ ಕರುವಿನಲ್ಲಿ ರಕ್ತದ ಲಿಂಫೋಸೈಟ್‌ಗಳ ಅರ್ಧದಷ್ಟು ಇವೇ ಆಗಿರಬಹುದು. ಮನುಷ್ಯರ ರಕ್ತದಲ್ಲಿ ಇವು ತೀರಾ ಕಡಿಮೆ. ಇವುಗಳಲ್ಲಿ ಬಹುಪಾಲಿನ ಮೇಲೆ ಡಬ್ಲ್ಯೂಸಿ1 ಎಂಬ ಗುರುತು ಇರುತ್ತದೆ. ಅದು ಮನುಷ್ಯರ ಕಣದಲ್ಲಿಲ್ಲ. ಬಣ್ಣ ಹಚ್ಚಿ ಮೊದಲ ಸಲ ಒಂದು ಕರುವಿನ ರಕ್ತ ನೋಡಿದಾಗ ಏನೋ ತಪ್ಪಾಗಿದೆ ಎಂದು ಎರಡನೇ ಸಲ ಮಾಡಿದೆ. ಅಷ್ಟೇ ಬಂತು.

ಕೊನೆಗೆ ಒಂದು ಸೀಮೆ ಹಸುವಿನ ಕಥೆ. ಸಾಕಿದವರು ಅರವತ್ತು ದಾಟಿದ ಒಬ್ಬ ಹೆಂಗಸು. ಎರಡನೇ ಸೂಲಿನ ಹಸು. ರಕ್ತ ತೆಗೆಯುವ ದಿನ ಮೇವು ತಿನ್ನುತ್ತಾ ನಿಂತಿತ್ತು. "ನಿನ್ನೆಯಿಂದ ಅರ್ಧ ಲೀಟ್ರು ಕಮ್ಮಿ ಕೊಡ್ತಾ ಐತೆ ಸ್ವಾಮಿ, ಬಿಸ್ಲಿಗೆ ಇರ್ಬೇಕು" ಎಂದಿದ್ದರು. ನಾನೂ ಹೌದು ಎಂದುಕೊಂಡೆ.

ಮೂರನೇ ದಿನ ಪ್ಲೇಟ್ ತೆಗೆದಾಗ ಆ ಹಸುವಿನ ಏನೂ ಹಾಕದ ಗುಳಿಯಲ್ಲಿ ದೊಡ್ಡ ದೊಡ್ಡ ಕಣಗಳಿದ್ದವು. ನೀರಿನ ತಪ್ಪಾಗಿದ್ದರೆ ಎಲ್ಲ ಹಸುವಿನದೂ ಹೀಗೇ ಇರಬೇಕಿತ್ತು. ಅಂದಿನ ಉಳಿದ ಏಳು ಹಸುವಿನ ಗುಳಿಗಳು ತಣ್ಣಗಿದ್ದವು. ಮೊದಲ ವರ್ಷವಾಗಿದ್ದರೆ ಆ ಸಾಲನ್ನು ಲೆಕ್ಕದಿಂದ ತೆಗೆದುಹಾಕುತ್ತಿದ್ದೆ. ಅಷ್ಟೊತ್ತಿಗೆ ಈ ಗುಳಿಯ ಮಾತು ಕೇಳುವುದನ್ನು ಕಲಿತಿದ್ದೆ. ಗುಳಿಯ ಕಣಗಳನ್ನು ಗಾಜಿನ ಮೇಲೆ ಇಳಿಸಿ ಜೀಮ್ಸಾ ಬಣ್ಣ ಹಾಕಿದೆ. ಲಿಂಫೋಸೈಟ್‌ಗಳ ಒಳಗೆ, ಕೋಶಕೇಂದ್ರದ ಪಕ್ಕದಲ್ಲೇ, ನೇರಳೆ ಚುಕ್ಕೆ ತುಂಬಿದ ನೀಲಿ ಗುಂಪು. ಥೈಲೇರಿಯಾ, ಉಣ್ಣೆ ದಾಟಿಸುವ ಪರಾವಲಂಬಿ.

ತಕ್ಷಣ ಫೋನ್ ಮಾಡಿದೆ. "ಹೌದು ಸ್ವಾಮಿ, ರಾತ್ರಿಯಿಂದ ಮೇವೇ ಮುಟ್ತಿಲ್ಲ" ಎಂದರು. ಹೋಗಿ ನೋಡಿದರೆ 105 ಡಿಗ್ರಿ ಜ್ವರ. ಭುಜದ ಮುಂದಿನ ಗಂಟು ನಿಂಬೆಹಣ್ಣಿಗಿಂತ ದಪ್ಪ ಊದಿತ್ತು. ಕಿವಿಯ ಒಳಗೆ, ಕೆಚ್ಚಲ ಸಂದಿಯಲ್ಲಿ ಉಣ್ಣೆಗಳು. ಗಂಟಿನಿಂದ ಸೂಜಿಯಲ್ಲಿ ತೆಗೆದ ಹನಿಯಲ್ಲೂ ಅದೇ ನೀಲಿ ಗುಂಪುಗಳಿದ್ದವು. ಕಿಲೋಗೆ 2.5 ಮಿಲಿಗ್ರಾಂ ಲೆಕ್ಕದಲ್ಲಿ ಬುಪಾರ್ವಕ್ವೋನ್ ಎಂಬ ಔಷಧವನ್ನು ಕತ್ತಿನ ಮಾಂಸಕ್ಕೆ ಕೊಟ್ಟೆ.

ಹಯಲೊಮ್ಮ ಜಾತಿಯ ಉಣ್ಣೆ ಕಚ್ಚಿದಾಗ ದಾಟಿಸುವ ಥೈಲೇರಿಯಾ ಆನ್ಯುಲೇಟಾ ಮಾಡುವ ಕೆಲಸ ನೋಡಿದರೆ ಬೆರಗಾಗುತ್ತದೆ. ಅದು ಬಿಳಿ ಕಣವನ್ನು ಕೊಲ್ಲುವುದಿಲ್ಲ, ಎಬ್ಬಿಸುತ್ತದೆ. ಮೇಲೆ ಹೇಳಿದೆನಲ್ಲ, ಎನ್‌ಎಫ್-ಕಪ್ಪಾಬಿ ಎಂಬ ಪ್ರೋಟೀನ್, ಅದನ್ನು ಬಂಧನದಿಂದ ಬಿಡಿಸುವ ಕಿಣ್ವಗಳನ್ನು ಪರಾವಲಂಬಿ ತನ್ನ ಮೈಸುತ್ತ ಗುಡ್ಡೆ ಹಾಕಿಕೊಂಡಿರುತ್ತದೆ. ಹೊರಗಿನಿಂದ ಯಾವ ಕರೆಯೂ ಇಲ್ಲದೆ ಆ ಕಣ ಸದಾ ಎಚ್ಚರ, ಸದಾ ವಿಭಜನೆ. ಪ್ರತಿ ಸಲ ಕಣ ಎರಡಾದಾಗ ಒಳಗಿನ ಪರಾವಲಂಬಿಯೂ ಎರಡು ಪಾಲಾಗಿ ಹಂಚಿಹೋಗುತ್ತದೆ. ಕ್ಯಾನ್ಸರಿನ ಹಾಗೆಯೇ. ಆದರೆ ಪರಾವಲಂಬಿ ಸತ್ತರೆ ಕಣದ ಓಟವೂ ನಿಲ್ಲುತ್ತದೆ. ಈ ರೋಗಕ್ಕೆ ನಮ್ಮಲ್ಲಿ ಸಿಗುವ ರಕ್ಷಾವ್ಯಾಕ್-ಟಿ ಲಸಿಕೆಯೂ ಇಂಥ ಸೋಂಕಿನ ಕಣಗಳಿಂದಲೇ ತಯಾರಾದದ್ದು. ಲ್ಯಾಬಿನಲ್ಲಿ ಬಹುಕಾಲ ಬೆಳೆಸಿ ಬೆಳೆಸಿ ಅವುಗಳ ಕೆಡಕು ತಗ್ಗಿಸಿರುತ್ತಾರೆ. ಸೀಮೆ ಹಸು ಸಾಕುವವರು, ಉಣ್ಣೆ ಕಾಟ ಇರುವ ಕಡೆ, ಇದರ ಬಗ್ಗೆ ತಮ್ಮ ಡಾಕ್ಟರನ್ನು ಕೇಳಲೇಬೇಕು.

ಆ ಹಸುವಿನ ಮಿಕ್ಕ ಕಣಗಳನ್ನು ನಾನು ಚೆಲ್ಲಿರಲಿಲ್ಲ. ಹತ್ತು ದಿನವಾದರೂ ಏನೂ ಹಾಕದೆಯೇ ಬೆಳೆಯುತ್ತಿದ್ದವು. ಹಸುವಿಗೆ ಕೊಟ್ಟ ಅದೇ ಔಷಧವನ್ನು ತೀರಾ ತೆಳುವಾಗಿ ಕರಗಿಸಿ ಅರ್ಧ ಗುಳಿಗಳಿಗೆ ಹಾಕಿದೆ. ಕೆಲವೇ ದಿನದಲ್ಲಿ ಅಲ್ಲಿ ವಿಭಜನೆ ನಿಂತಿತು. ದ್ರವ ಗುಲಾಬಿಯಾಗಿಯೇ ಉಳಿಯಿತು. ಪಕ್ಕದ ಅರ್ಧ ಹಳದಿಯಾಗುತ್ತಲೇ ಇತ್ತು.

ಆರು ವಾರದ ಮೇಲೆ ಮತ್ತೆ ಹೋಗಿ ರಕ್ತ ತಂದೆ. ಹಸುವಿನ ಕಣ್ಣು ತಿಳಿಯಾಗಿತ್ತು, ಹಾಲು ಮೊದಲಿನ ಮಟ್ಟಕ್ಕೆ ಬರುತ್ತಿತ್ತು. ಮೂರನೇ ದಿನ ಸೂಕ್ಷ್ಮದರ್ಶಕಕ್ಕೆ ಫೋನ್ ಹಿಡಿದು ಎರಡು ಫೋಟೋ ತೆಗೆದುಕೊಂಡೆ. ಒಂದು ಕಾನ್-ಎ ಗುಳಿಯದು, ಇನ್ನೊಂದು ಏನೂ ಹಾಕದ ಗುಳಿಯದು. ಮುಂದಿನ ವಾರ ಆ ಹಳ್ಳಿಗೆ ಹೋದಾಗ ಅಮ್ಮನಿಗೆ ತೋರಿಸಿದೆ.

ಮೊದಲನೆಯದನ್ನು ನೋಡಿ, "ಇದೇನಿದು, ಕಪ್ಪೆ ಮೊಟ್ಟೆ ತರ?" ಎಂದರು. ನಿಮ್ಮ ಹಸುವಿನ ಕಾವಲು ಕಣಗಳು, ಕರೆದಾಗ ಹೀಗೆ ಗುಂಪಾಗುತ್ತವೆ ಎಂದೆ. ಎರಡನೆಯದನ್ನು ಕಣ್ಣಿನ ಹತ್ತಿರ ಹಿಡಿದು ತುಂಬ ಹೊತ್ತು ನೋಡಿದರು. ಚಿಕ್ಕ ಚಿಕ್ಕ ದುಂಡು ಕಣಗಳು, ಒಂದಕ್ಕೊಂದು ತಾಗದೆ, ಬಿಡಿಬಿಡಿಯಾಗಿ.

"ಇದ್ರಾಗೆ ಏನೂ ಆಗಿಲ್ವಲ್ಲ ಸ್ವಾಮಿ?"

"ಇಲ್ಲಮ್ಮಾ. ಹೋದ ಸಲ ಇದ್ರಲ್ಲೇ ಆಗ್ಬಾರದ್ದು ಆಗಿತ್ತು."

ಅವರು ತಲೆಯಾಡಿಸಿ ಫೋನ್ ವಾಪಸ್ ಕೊಟ್ಟರು. ಹಸುವಿನ ಕಿವಿ ಮಡಚಿ ಉಣ್ಣೆ ಇದೆಯಾ ಎಂದು ಒಮ್ಮೆ ನೋಡಿ, ಹಾಲಿನ ಕ್ಯಾನ್ ಎತ್ತಿಕೊಂಡು ಡೈರಿ ಕಡೆ ಹೊರಟರು.